ಗೋಡೆಗೇರಿದ ಲ್ಯಾಪ್‌ಟಾಪು

ಅವತ್ತು ಬೆಳಿಗ್ಗೆ ಆಕಾಶ ತೊಳೆದು ಬೋರಲು ಹಾಕಿದ ತಟ್ಟೆಯ ಹಾಗಿತ್ತು. ಹಿಂದಿನ ದಿನವೆಲ್ಲ ಮೋಡ ಮುಸುಕು ಹೊದ್ದು ಕೂತಿದ್ದರಿಂದ ಬಿಸಿಲಿಗೆ ಮಾಡುವ ಕೆಲಸ ಬಹಳ ಉಳಿದುಹೋಗಿತ್ತೋ ಏನೋ, ಏಳುತ್ತಲೇ ಬೀದಿಗಿಳಿದು, ಎದುರು ಸಾಲಿನ ಕಿಟಕಿಗಳನ್ನೆಲ್ಲ ಮಿರಮಿರ ಮಿಂಚಿಸಿ, ರಸ್ತೆ ದಾಟಿ, ಕತ್ತರಿಯಣ್ಣನ ಕ್ಷೌರದಂಗಡಿಯ ಮೆಟ್ಟಿಲು ಹತ್ತಿ, ಯಾರನ್ನೂ ಕೇಳದೆ ಒಳಗೆ ಬಂದು ಗಿರಾಕಿಯ ಕುರ್ಚಿಯಲ್ಲಿ ಕೂತುಬಿಟ್ಟಿತ್ತು.

ಕತ್ತರಿಯಣ್ಣ ಅದನ್ನು ಎಬ್ಬಿಸುವ ಗೋಜಿಗೆ ಹೋಗಲಿಲ್ಲ. ಅಂಗಡಿ ತೆರೆದ ಮೇಲೆ ಅವನ ಮೊದಲ ಕೆಲಸ ಗೋಡೆಯ ಕನ್ನಡಿ ಒರೆಸುವುದು. ಅದು ಅವನಪ್ಪನ ಕಾಲದ ದೊಡ್ಡ ಕನ್ನಡಿ. ಅಂಚಿನಲ್ಲಿ ಅಲ್ಲಲ್ಲಿ ಬೆಳ್ಳಿ ಉದುರಿತ್ತು, ನಡುವೆ ಮಾತ್ರ ಬಾವಿಯ ತಿಳಿನೀರಿನಷ್ಟು ನಿಚ್ಚಳ. ಒರೆಸಿದ ಮೇಲೆ ಅದರೆದುರು ನಿಂತು ಕೈಮುಗಿದು, “ದೇವರೇ, ನನ್ನ ಕೈ ನಡುಗದೆ ಇರಲಿ, ಕೂತವರ ಕತ್ತು ಅಲ್ಲಾಡದೆ ಇರಲಿ” ಎನ್ನುತ್ತಿದ್ದ. ಅಪ್ಪ ಕಲಿಸಿದ ಪ್ರಾರ್ಥನೆ. ಚಿಕ್ಕದೇನೋ ಹೌದು, ಆದರೆ ಆ ಕಸುಬಿನವನು ಮೇಲಿನವನ ಹತ್ತಿರ ಬೇಡಬೇಕಾದ್ದೆಲ್ಲ ಅದರೊಳಗೆ ಅಡಕವಾಗಿತ್ತು.

ಅಪ್ಪ ಕಲಿಸಿದ ಇನ್ನೊಂದು ನೇಮವೂ ಇತ್ತು. ಕೆಲಸ ಮುಗಿದ ಮೇಲೆ ಗಿರಾಕಿ ಕನ್ನಡಿಯಲ್ಲಿ ಎಡಗಡೆ ನೋಡಬೇಕು, ಬಲಗಡೆ ನೋಡಬೇಕು, ಆಮೇಲೆ ಸರಿ ಎಂದು ತಲೆಯಾಡಿಸಬೇಕು. ತಲೆಯಾಡಿಸುವ ತನಕ ಅವನ ಕೊರಳಿಗೆ ಕಟ್ಟಿದ ಬಿಳಿ ಬಟ್ಟೆ ಬಿಚ್ಚುವಂತಿಲ್ಲ. ಒಮ್ಮೆ ಒಬ್ಬ ಗಿರಾಕಿಗೆ ತಲೆಯಾಡಿಸುವ ಮೊದಲೇ ನಿದ್ದೆ ಹತ್ತಿ, ಅಪ್ಪ ಅವನನ್ನು ಬಟ್ಟೆಯ ಸಮೇತ ಮಧ್ಯಾಹ್ನದವರೆಗೆ ಹಾಗೇ ಬಿಟ್ಟಿದ್ದನಂತೆ. ಮುಖ ಅವರದು, ದೇವರು ಅವರಿಗೆ ಕೊಟ್ಟದ್ದು. ನಾವು ಮುಟ್ಟಿದ ಮೇಲೆ ಅವರ ಒಪ್ಪಿಗೆಯ ಜೊತೆ ವಾಪಸ್ಸು ಕಳಿಸಬೇಕು ಎಂಬುದು ಅಪ್ಪನ ಲೆಕ್ಕ.

ಆ ಬೆಳಗಿನ ಮೊದಲ ಗಿರಾಕಿ ಪೋಸ್ಟ್ ಮಾಸ್ತರರು. ಅವರ ಬಲಗೆನ್ನೆ ಮುಗಿದು ಎಡಗೆನ್ನೆಗೆ ಸೋಪಿನ ನೊರೆ ಹತ್ತಿದ ಹೊತ್ತಿಗೆ ಕತ್ತರಿಯಣ್ಣನ ಹೆಂಡತಿಯ ತಮ್ಮ ಒಳಗೆ ಬಂದ. ಲ್ಯಾಪ್‌ಟಾಪ್ ಕಂಪನಿಯೊಂದರ ಪರವಾಗಿ ಕಚೇರಿ ಕಚೇರಿ ಸುತ್ತಿ ಮಾಲು ತೋರಿಸಿ ಮಾರುವುದು ಅವನ ಉದ್ಯೋಗ. ಯಾವ ವಸ್ತುವಿನ ಬಗ್ಗೆ ಕೇಳಿದರೂ ಅವನ ಬಾಯಿಂದ ಮೊದಲು ಬೀಳುವ ಮಾತು ‘ಗಟ್ಟಿ’. ಚಪ್ಪಲಿ ಗಟ್ಟಿ, ಛತ್ರಿ ಗಟ್ಟಿ, ತಾನು ಮದುವೆಯಾಗಬೇಕೆಂದಿದ್ದ ಹುಡುಗಿಯ ಬಗ್ಗೆ ಅಕ್ಕ ಕೇಳಿದಾಗಲೂ ಅದನ್ನೇ ಹೇಳಿ, ಆ ಸಂಬಂಧ ಅಲ್ಲಿಗೇ ನಿಂತುಹೋಗಿತ್ತು. ಹಾಗಾಗಿ ಬೀದಿಯಲ್ಲಿ ಅವನಿಗೆ ಗಟ್ಟಿರಾಯ ಎಂದೇ ಹೆಸರು.

ಗಟ್ಟಿರಾಯ ಚೀಲದಿಂದ ಹೊಸ ಲ್ಯಾಪ್‌ಟಾಪು ತೆಗೆದು ಮಾಸ್ತರರ ಮುಂದೆ ಬಿಚ್ಚಿದ. ಇದರ ಪರದೆಗೆ ಅಂಚಿನಿಂದ ಅಂಚಿಗೆ ಗಾಜು ಹೊದಿಸಿದೆ, ಬಣ್ಣಗಳು ಕಣ್ಣಿಗೆ ಹಬ್ಬ, ಒಮ್ಮೆ ನೋಡಿದವರು ಬೇರೆಯದನ್ನು ನೋಡುವುದಿಲ್ಲ ಎಂದೆಲ್ಲ ಒಂದೇ ಉಸಿರಿಗೆ ಹೇಳಿದ. ಮಾಸ್ತರರು ಕುತ್ತಿಗೆ ಮುಂದೆ ಚಾಚಿ ನೋಡಿದರು. ಬಾಗಿಲಿಂದ ಬಂದ ಬಿಸಿಲು ಆ ಗಾಜಿನ ಮೇಲೆ ಬಿದ್ದು ಥಳಥಳ ಕುಣಿಯುತ್ತಿತ್ತು.

“ನನಗೆ ನಾನೇ ಕಾಣ್ತಿದ್ದೀನಲ್ಲಪ್ಪ. ಸೋಪಿನ ಸಮೇತ.”

“ಅದು ಹೊಳಪು ಸಾರ್. ಒಳ್ಳೇ ಗಾಜಿನ ಲಕ್ಷಣ.”

“ನನ್ನ ಮುಖ ನೋಡೋಕೆ ಇಷ್ಟು ದುಡ್ಡು ಯಾಕೆ ಕೊಡಲಿ? ಅದು ನನ್ನ ಹತ್ತಿರ ಆಗಲೇ ಇದೆ.”

ಗಟ್ಟಿರಾಯನ ಮುಖ ಹುಳ್ಳಗಾಯಿತು. ಹೊಳಪಿನ ಮಾತು ಅಲ್ಲಿಗೇ ಕೈಬಿಟ್ಟು ತನಗೆ ಒಲಿದ ಮಾತಿಗೆ ಬಂದ. ಇದು ಬಿದ್ದರೆ ಒಡೆಯುವುದಿಲ್ಲ, ಗೀಚಿದರೆ ಗೀರು ಬೀಳುವುದಿಲ್ಲ, ಕೀಲಂತೂ ಎಷ್ಟು ಬಿಗಿ ಎಂದರೆ ಪರದೆಯ ಒಂದು ಮೂಲೆ ಹಿಡಿದು ಗರಗರ ತಿರುಗಿಸಿದರೂ ಜಗ್ಗುವುದಿಲ್ಲ ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕತ್ತರಿಯಣ್ಣ ಬೇಡ ಬೇಡ ಎನ್ನುವಷ್ಟರಲ್ಲಿ ಅವನು ಪರದೆಯ ಮೂಲೆ ಹಿಡಿದು, ತೋಳೆತ್ತಿ, ಒಂದು ಸುತ್ತು ತಿರುಗಿಸಿಯೇಬಿಟ್ಟ.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೀಲು ಜಗ್ಗಲಿಲ್ಲ. ಗಾಜು ಒಡೆಯಲಿಲ್ಲ. ಲ್ಯಾಪ್‌ಟಾಪು ಅಪ್ಪನ ಕಾಲದ ಕನ್ನಡಿಗೆ ನೆಟ್ಟಗೆ ಹೋಗಿ ಬಡಿದು, ಕನ್ನಡಿ ಮೇಲಿಂದ ಕೆಳಗಿನ ತನಕ ಚೂರುಚೂರಾಗಿ ಸುರಿದಾಗಲೂ, ಲ್ಯಾಪ್‌ಟಾಪಿನ ಮೇಲೆ ಕೂದಲೆಳೆಯಷ್ಟು ಗೀರೂ ಬೀಳಲಿಲ್ಲ. ಗಟ್ಟಿರಾಯ ಅದನ್ನು ತಿರುಗಿಸಿ ನೋಡಿ ಮೆಲ್ಲಗೆ, “ಗಟ್ಟಿ ಅಂದೆನಲ್ಲ ಭಾವ” ಎಂದ.

ಕತ್ತರಿಯಣ್ಣನಿಗೆ ಬಾಯ್ತುಂಬ ಬೈಯುವುದಕ್ಕೂ ಬಿಡುವಿರಲಿಲ್ಲ. ಮಾಸ್ತರರ ಎಡಗೆನ್ನೆಯ ನೊರೆ ಒಣಗುತ್ತಿತ್ತು. ಕನ್ನಡಿ ಇಲ್ಲದೆಯೇ ಕೈಯಂದಾಜಿನಲ್ಲಿ ಕೆಲಸ ಮುಗಿಸಿದ. ಮುಗಿಸಿದ ಮೇಲೆ ಪೇಚಿಗೆ ಬಂತು. ಮಾಸ್ತರರು ಮುಖ ನೋಡಿಕೊಳ್ಳಬೇಕು, ತಲೆಯಾಡಿಸಬೇಕು. ನೋಡುವುದು ಎಲ್ಲಿ? ಬೇರೆ ದಾರಿ ಕಾಣದೆ ಅವನು ಆ ಲ್ಯಾಪ್‌ಟಾಪನ್ನೇ, ಕಪ್ಪಗಿದ್ದ ಪರದೆಯ ಸಮೇತ, ಅವರ ಮುಂದೆ ಎತ್ತಿ ಹಿಡಿದ.

ಮಾಸ್ತರರು ನೋಡಿದರು. ಎಡಗಡೆ ತಿರುಗಿದರು, ಬಲಗಡೆ ತಿರುಗಿದರು. ಆಮೇಲೆ ಮೊದಲಿಗಿಂತ ನಿಧಾನವಾಗಿ ಇನ್ನೊಮ್ಮೆ ಎಡಗಡೆ. ಆ ಕಪ್ಪು ಗಾಜಿನ ಆಳದಲ್ಲಿ ಅವರ ನರೆಗೂದಲು ನರೆಯಾಗಿ ಕಾಣುತ್ತಿರಲಿಲ್ಲ. ಕಣ್ಣಿನ ಕೆಳಗಿನ ಚೀಲಗಳು ಮಾಯವಾಗಿದ್ದವು. ಹಣೆಯ ಗೆರೆಗಳನ್ನು ಯಾರೋ ಇಸ್ತ್ರಿ ಮಾಡಿ ಮಡಿಸಿಟ್ಟ ಹಾಗಿತ್ತು. ತುಸು ಗಂಭೀರ, ತುಸು ನಿಗೂಢ, ಮದುವೆಯ ಮಾತುಕತೆಗೆ ಹೊರಟ ಗಂಡಿನಂಥ ಮುಖವೊಂದು ಅಲ್ಲಿಂದ ಅವರನ್ನೇ ನೋಡುತ್ತಿತ್ತು.

“ಏನಯ್ಯ ಮಾಡಿದೆ ಇವತ್ತು?” ಎಂದರು ಮಾಸ್ತರರು, ದನಿ ತಗ್ಗಿಸಿ. ಜಾತ್ರೆಯ ಗೊಂಬೆಯ ಹಾಗೆ ತಲೆಯಾಡಿಸುತ್ತಲೇ ಎದ್ದು ಹೋದರು.

ಗಟ್ಟಿರಾಯನಿಗೆ ಮಾಡಿದ ತಪ್ಪಿನ ಭಾರ ಇತ್ತು. ಹೊಸ ಕನ್ನಡಿ ತಂದು ಕೊಡುವ ತನಕ ಲ್ಯಾಪ್‌ಟಾಪು ಇಲ್ಲೇ ಇರಲಿ, ಕನ್ನಡಿ ಬಂದ ದಿನ ಒಯ್ಯುತ್ತೇನೆ, ಜನರಿಗೆ ತೋರಿಸಲೆಂದು ಕಚೇರಿಯವರು ನಂಬಿ ಕೊಟ್ಟದ್ದು ಜೋಪಾನ ಎಂದು ಹೇಳಿ ಬರಿಗೈಯಲ್ಲಿ ಹೋದ.

ಕತ್ತರಿಯಣ್ಣ ಜೋಪಾನ ಮಾಡಿದ. ಮರಗೆಲಸದವನನ್ನು ಕರೆಸಿ, ಲ್ಯಾಪ್‌ಟಾಪಿಗೆ ಚೌಕಟ್ಟು ಹೊಡೆಸಿ, ಕನ್ನಡಿ ಇದ್ದ ಜಾಗದಲ್ಲೇ ಗೋಡೆಗೇರಿಸಿದ. ಪರದೆ ಗೋಡೆಗೆ ಒರಗಿ ನೆಟ್ಟಗೆ ನಿಂತಿತು, ಅಕ್ಷರದ ಗುಂಡಿಗಳ ಭಾಗ ಅದರ ಬುಡದಲ್ಲಿ ಹಲಗೆಯ ಹಾಗೆ ಮುಂದೆ ಚಾಚಿತು. ಹಲಗೆ ಖಾಲಿ ಇದ್ದರೆ ಕಣ್ಣಿಗೆ ಚೆನ್ನಲ್ಲವಲ್ಲ. ಒಂದು ಬಾಚಣಿಗೆ ಇಟ್ಟ. ಅದರ ಪಕ್ಕ ಕತ್ತರಿ. ಆಮೇಲೆ ಸೋಪಿನ ಬಟ್ಟಲು. ಗಿರಾಕಿಗಳು ಬಿಚ್ಚಿಡುವ ಕನ್ನಡಕಗಳಿಗೂ ಅಲ್ಲೇ ಜಾಗ. ಮೊದಮೊದಲು ನೀರು ತುಳುಕಿದಾಗ ಅವನು ಓಡಿಹೋಗಿ ಒರೆಸುತ್ತಿದ್ದ. ಆಮೇಲೆ ಭಾವಮೈದುನನ ಮಾತು ನೆನೆದು, ಗಟ್ಟಿ ಅಂದಿದ್ದನಲ್ಲ, ಎಂದುಕೊಂಡು ಸುಮ್ಮನಾಗುತ್ತಿದ್ದ.

ಮಾಸ್ತರರ ಬಾಯಿ ಸುಮ್ಮನಿರಲಿಲ್ಲ. ಅಂಚೆ ಕಚೇರಿಗೆ ಬಂದವರಿಗೆಲ್ಲ ಮುದ್ರೆ ಒತ್ತುತ್ತ ಒತ್ತುತ್ತ ಸುದ್ದಿ ಹೇಳಿದರು. ಬೇಕರಿಯವನು ಬಂದ, ತನ್ನ ಎರಡನೆಯ ಗಲ್ಲ ಎಲ್ಲಿ ಹೋಯಿತೆಂದು ತಿಳಿಯದೆ ಬೆರಗಾಗಿ ಹೋದ. ಸಂಗೀತದ ಮೇಷ್ಟ್ರು ಬಂದರು, ತಮ್ಮ ಬೋಳು ನೆತ್ತಿ ಕಪ್ಪಗೆ ಕಂಡದ್ದನ್ನು ಕೂದಲೆಂದೇ ತಿಳಿದು ಬಾಚಣಿಗೆ ಕೇಳಿದರು. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದವರು ವಾರಕ್ಕೊಮ್ಮೆ, ವಾರಕ್ಕೊಮ್ಮೆ ಬರುತ್ತಿದ್ದವರು ದಿನ ಬಿಟ್ಟು ದಿನ ಬರತೊಡಗಿದರು. ಕೆಲವರಿಗೆ ಕತ್ತರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಸುಮ್ಮನೆ ಕೂತು ನೋಡಿಕೊಂಡು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು.

ಎಲ್ಲರೂ ಕತ್ತರಿಯಣ್ಣನ ಕೈಗುಣ ಎಂದರು. ಮೊದಲ ಕೆಲವು ದಿನ ಅವನು, “ನನ್ನದೇನಿಲ್ಲ, ಗಾಜಿಂದು” ಎಂದು ಹೇಳುತ್ತಿದ್ದ. ಅದನ್ನು ಅವರು ವಿನಯವೆಂದು ತಿಳಿದು ಇನ್ನಷ್ಟು ಹೊಗಳಿದರು. ಹೊಗಳಿಕೆ ಬೆಚ್ಚಗಿನ ನೀರಿನಂಥದ್ದು, ಒಮ್ಮೆ ಇಳಿದವನಿಗೆ ಹೊರಗೆ ಬರಲು ಮೈ ಬಗ್ಗುವುದಿಲ್ಲ. ಕ್ರಮೇಣ ಅವನೂ ತನ್ನ ಕೈಯನ್ನು ಆಗಾಗ ಮೇಲೆ ಕೆಳಗೆ ಮಾಡಿ ನೋಡಿಕೊಳ್ಳಲು ಶುರು ಮಾಡಿದ. ಆ ಕೈ ಮಾತ್ರ ದಿನೇ ದಿನೇ ಸಡಿಲವಾಗುತ್ತಿತ್ತು. ಎರಡೂ ಕಡೆಯ ಕೆನ್ನೆಗೂದಲು ಒಂದೇ ಮಟ್ಟಕ್ಕೆ ಇಳಿದಿದೆಯೇ ಎಂದು ಮೊದಲು ಅವನು ಕನ್ನಡಿಯಲ್ಲಿ ತೂಗಿ ನೋಡುತ್ತಿದ್ದ. ಕಪ್ಪು ಗಾಜಿನಲ್ಲಿ ತೂಗುವುದಕ್ಕೆ ಏನೂ ಕಾಣುತ್ತಿರಲಿಲ್ಲ, ಕೂತವರು ನೋಡುವ ಮೊದಲೇ ತಲೆಯಾಡಿಸುತ್ತಿದ್ದರು. ಬೆಳಗಿನ ಪ್ರಾರ್ಥನೆಗೆ ಅದರೆದುರು ನಿಂತಾಗ ಅವನಿಗೆ ತನ್ನ ಜೋಡಿಸಿದ ಕೈಗಳೂ ಮಸುಕು ಮಸುಕಾಗಿ ಕಾಣುತ್ತಿದ್ದವು. ಬೇಡುತ್ತಿರುವವನು ಯಾರೆಂದು ಮೇಲಿನವನಿಗಾದರೂ ಗುರುತು ಹತ್ತುತ್ತದೋ ಇಲ್ಲವೋ ಎಂಬ ಅನುಮಾನ ಒಂದೆರಡು ಸಲ ಬಂದದ್ದುಂಟು. ಅಷ್ಟರಲ್ಲಿ ಯಾರಾದರೂ ಗಿರಾಕಿ ಬಂದುಬಿಡುತ್ತಿದ್ದರು.

ಹೀಗಿರುವಾಗ ಗಟ್ಟಿರಾಯ ಕೊಟ್ಟ ಮಾತಿನಂತೆ ಹೊಸ ಕನ್ನಡಿ ತಂದ. ಹಳೆಯದರಷ್ಟೇ ಎತ್ತರ, ಅಷ್ಟೇ ಅಗಲ. ದಾರಿಯುದ್ದಕ್ಕೂ ಹೊದಿಕೆ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದಿದ್ದ. ಗೋಡೆಯ ಮೇಲೆ ತನ್ನ ಲ್ಯಾಪ್‌ಟಾಪಿನ ಅವತಾರ, ಅದರ ಗುಂಡಿಗಳ ಮೇಲೆ ಕೂತ ಸೋಪಿನ ಬಟ್ಟಲು ಕಂಡು ಅವನ ಕಣ್ಣು ಮೇಲಕ್ಕೆ ಹೋಯಿತು.

“ಭಾವ, ಇದು ಯಂತ್ರ. ಇದರೊಳಗೆ ನೀರು ಹೋಗಬಾರದು.”

“ಏನೂ ಆಗಲ್ಲ ಅಂತ ನೀನೇ ಹೇಳಿದ್ದು.”

ಜನ್ಮದಲ್ಲಿ ಮೊದಲ ಸಲ ಒಬ್ಬರು ಗಟ್ಟಿರಾಯನ ಮಾತನ್ನು ಪೂರ್ತಿ ನಂಬಿದ್ದರು. ಕತ್ತರಿಯಣ್ಣ ಹೊಸ ಕನ್ನಡಿಯನ್ನು ಇಳಿಸಿಕೊಂಡ. ಗೋಡೆ ಹಸಿಯಾಗಿದೆ, ಮೊಳೆ ಹಿಡಿಯುವುದಿಲ್ಲ, ಒಣಗಲಿ, ನಾಲ್ಕು ದಿನ ಬಿಟ್ಟು ಬಾ ಎಂದು ಹೇಳಿ ಕಳಿಸಿದ. ಆ ಗೋಡೆ ಒಣಗಿ ಎಷ್ಟೋ ವರ್ಷಗಳಾಗಿದ್ದವು. ಭಾವಮೈದುನ ತಿರುವಿನಲ್ಲಿ ಮರೆಯಾದ ಮೇಲೆ ಅವನು ಕನ್ನಡಿಯನ್ನು ಬಾಗಿಲ ಹಿಂದಕ್ಕೆ ಸರಿಸಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ, ಅದೇ ಹೊದಿಕೆ ಹೊದಿಸಿದ. ಮಗುವನ್ನು ಶಿಕ್ಷೆಗೆ ನಿಲ್ಲಿಸಿದ ಹಾಗೆ ಅದು ಅಲ್ಲೇ ನಿಂತಿತು. ನಾಲ್ಕು ದಿನ ಬಿಟ್ಟು ಗಟ್ಟಿರಾಯ ಬಂದಾಗ ಮೊಳೆ ಸಿಕ್ಕಿರಲಿಲ್ಲ. ಇನ್ನೊಮ್ಮೆ ಬಂದಾಗ ಮೊಳೆ ಇತ್ತು, ಸುತ್ತಿಗೆ ಇರಲಿಲ್ಲ.

ಕತ್ತರಿಯಣ್ಣನ ಹೆಂಡತಿಗೆ ಇದೊಂದೂ ಗೊತ್ತಿರಲಿಲ್ಲ. ಕನ್ನಡಿ ಒಡೆದದ್ದು ತಿಳಿದಿತ್ತು, ಅಷ್ಟೇ. ಅವಳಿಗೆ ಅವಳದೇ ದುಡಿಮೆ ಇತ್ತು. ಕ್ಷೌರದಂಗಡಿಯ ಎದುರಿಗೇ, ರಸ್ತೆಯ ಆ ಬದಿಗೆ, ಕನ್ನಡಕದಂಗಡಿ. ಅಲ್ಲಿ ಬಂದವರನ್ನು ಅಕ್ಷರದ ಹಲಗೆಯ ಮುಂದೆ ಕೂರಿಸಿ, ಒಂದೊಂದೇ ಗಾಜು ಬದಲಿಸಿ ಕಣ್ಣಿನ ಅಳತೆ ನೋಡುವವಳು ಅವಳು. ಇದರಲ್ಲಿ ಚೆನ್ನಾಗಿ ಕಾಣುತ್ತದೋ ಅದರಲ್ಲೋ ಎಂದು ಕೇಳಿ ಕೇಳಿ, ಗಿರಾಕಿ ತಾಳ್ಮೆ ಕಳೆದುಕೊಂಡರೂ ತಾನು ಕಳೆದುಕೊಳ್ಳದೆ, ಸರಿಯಾದ ಗಾಜು ಸಿಗುವ ತನಕ ಬಿಡುತ್ತಿರಲಿಲ್ಲ. ಅವಳು ನೋಡಿದ ಅಳತೆಯ ಬಗ್ಗೆ ಅಷ್ಟು ವರ್ಷ ಯಾರೂ ಸೊಲ್ಲೆತ್ತಿರಲಿಲ್ಲ.

ಈಗ ಎತ್ತತೊಡಗಿದರು. ಮೊದಲು ಬಂದವರು ಮಾಸ್ತರರೇ. ಹೊಸದಾಗಿ ಮಾಡಿಸಿದ ಕನ್ನಡಕವನ್ನು ಮೇಜಿನ ಮೇಲಿಟ್ಟು, ಇದನ್ನು ಹಾಕಿಕೊಂಡರೆ ತಮಗೆ ವಯಸ್ಸಾಗುತ್ತದೆ ಎಂದು ದೂರು ಕೊಟ್ಟರು. ಅವರ ವಾದಕ್ಕೆ ಬುಡ ಇಲ್ಲದೆ ಇರಲಿಲ್ಲ. ಕ್ಷೌರದಂಗಡಿಯಲ್ಲಿ ಕನ್ನಡಕ ಬಿಚ್ಚಿಟ್ಟು ನೋಡಿಕೊಂಡಾಗ ಎಳೆ ಮುಖ. ಮನೆಗೆ ಹೋಗಿ ಕನ್ನಡಕ ಹಾಕಿ ಕನ್ನಡಿ ನೋಡಿದರೆ ಮುದಿ ಮುಖ, ನರೆಗೂದಲು, ಚೀಲ, ಗೆರೆ, ಮೇಲಾಗಿ ಒಂದು ಕೆನ್ನೆಗೂದಲು ಉದ್ದ ಒಂದು ಗಿಡ್ಡ. ಕನ್ನಡಕ ತೆಗೆದರೆ ಇದೆಲ್ಲ ಮತ್ತೆ ಮಾಯ. ಹಾಗಾದರೆ ಕೆಡುಕು ಇರುವುದು ಎಲ್ಲಿ? ಅವಳು ಮತ್ತೆ ಅಳತೆ ನೋಡಿದಳು, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮಾಸ್ತರರು ಒಪ್ಪಲಿಲ್ಲ. ಅವರ ಬೆನ್ನಿಗೆ ಬೇಕರಿಯವನು ಬಂದ. ಅವನ ಬೆನ್ನಿಗೆ ಸಂಗೀತದ ಮೇಷ್ಟ್ರು, ಈ ಕನ್ನಡಕ ತಮ್ಮ ಕೂದಲನ್ನು ತಿಂದಿದೆ ಎಂದು.

ಒಂದು ಸಂಜೆ ಊಟಕ್ಕೆ ಕೂತಾಗ ಅವಳು ಇದನ್ನೆಲ್ಲ ಗಂಡನಿಗೆ ಹೇಳಿದಳು. ಅಂಗಡಿಯ ಯಜಮಾನರು ನನ್ನನ್ನು ಅನುಮಾನದಿಂದ ನೋಡುತ್ತಿದ್ದಾರೆ, ನನ್ನ ಕಣ್ಣಿಗೇ ಏನಾದರೂ ಬಂದಿದೆಯೋ ಏನೋ, ಅಕ್ಷರದ ಹಲಗೆಯ ಮುಂದೆ ನಾನೇ ಕೂತು ನೋಡಿದೆ ಎಂದಳು. ಕೋಪ ಮಾಡಿಕೊಂಡು ಹೇಳಿದ್ದರೆ ಅವನಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಅವಳು ಅಳುಕಿ ಹೇಳಿದಳು. ಎಲ್ಲವೂ ಕತ್ತರಿಯಣ್ಣನಿಗೆ ಆ ಕ್ಷಣಕ್ಕೇ ಅರ್ಥವಾಗಿತ್ತು. ಹೇಳಬೇಕೆಂದು ಬಾಯಿ ತೆರೆದ, ನಾಳೆ ಬೇಕರಿಯವನು ಕ್ಷೌರಕ್ಕೆ ಬಂದು ಹೊಗಳುತ್ತಾನೆ ಎಂಬುದು ನೆನಪಾಗಿ ಆ ಬಾಯಿಗೆ ನೀರು ಸುರಿದುಕೊಂಡ.

“ನಿಮಗೇನಾಯ್ತು?” ಎಂದಳು.

“ಬಿಕ್ಕಳಿಕೆ.”

ರಜೆಯ ದಿನ ಬಂತು. ಬೆಂಚಿನ ಮೇಲೆ ಜಾಗವಿಲ್ಲದೆ ಜನ ಬಾಗಿಲಿಗೆ ಒರಗಿ ನಿಂತಿದ್ದರು. ಅವತ್ತು ಕುರ್ಚಿ ಹತ್ತಿದವರು ಎದುರಿನ ಕನ್ನಡಕದಂಗಡಿಯ ಯಜಮಾನರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಕನ್ನಡಕ ಬಿಚ್ಚಿ ಗುಂಡಿಗಳ ಮೇಲೆ ಇಟ್ಟರು, ಕಣ್ಣು ಮುಚ್ಚಿದರು, ಕೆಲಸ ಮುಗಿದ ಮೇಲೆ ಕಣ್ಣು ಬಿಟ್ಟು ಕಪ್ಪು ಗಾಜಿನೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ದುಃಖದಿಂದ ತಲೆಯಾಡಿಸಿದರು.

“ಜನ ಹೇಳೋದು ನಿಜ ಕಣಯ್ಯ. ನಾನು ನಂಬಿರಲಿಲ್ಲ, ಈಗ ನನ್ನ ಕಣ್ಣಾರೆ ನೋಡಿದೆ. ಕನ್ನಡಕ ಇಲ್ಲದಾಗ ಹೀಗಿದ್ದೀನಿ, ಹಾಕಿದ್ರೆ ನಮ್ಮ ಅಪ್ಪನ ಹಾಗೆ ಕಾಣ್ತೀನಿ. ನಿನ್ನ ಹೆಂಡತಿ ಒಳ್ಳೆಯವಳು, ಆದ್ರೆ ಅಳತೆ ತಪ್ತಿದೆ. ನಾಳೆಯಿಂದ ಮನೇಲೇ ಇರು ಅಂತ ಹೇಳ್ಬೇಕು ಅಂತಿದ್ದೀನಿ. ನೀನೇ ಮೆಲ್ಲಗೆ ಹೇಳಿಬಿಡ್ತೀಯಾ?”

ಕತ್ತರಿಯಣ್ಣನ ಕೈ ಬಟ್ಟೆಯ ಗಂಟಿಗೆ ಹೋಗಿತ್ತು. ಅಲ್ಲೇ ನಿಂತಿತು. ನಡುಗದಿರಲಿ ಎಂದು ದಿನವೂ ಬೇಡಿಕೊಂಡ ಕೈ ಆ ಗಂಟಿನ ಮೇಲೆ ಗಡಗಡ ನಡುಗಿತು. ಎದುರಿನ ಕಪ್ಪು ಗಾಜಿನಲ್ಲಿ ತನ್ನ ಮುಖ ಹುಡುಕಿದ. ಒಂದು ಕಪ್ಪು ಗುಂಡು, ಅದರ ಮೇಲೆ ಒಂದಿಷ್ಟು ಹೊಳಪು, ಅಷ್ಟೇ ಇತ್ತು. ಹಿಂದೆ ತೆರೆದ ಬಾಗಿಲಾಚೆ, ರಸ್ತೆಯ ಆ ಬದಿಗೆ, ಅವಳು ಕನ್ನಡಕದಂಗಡಿಯ ಗಾಜಿನ ಹಿಂದೆ ಕೂತು ಯಾರದೋ ಚೌಕಟ್ಟಿನ ತಿರುಪು ಬಿಗಿ ಮಾಡುತ್ತಿದ್ದಳು.

ಅವನು ಗಂಟು ಬಿಚ್ಚಲಿಲ್ಲ. ಇನ್ನೊಂದು ಸುತ್ತು ಬಿಗಿದ.

“ಯಜಮಾನರೇ, ನೀವು ತಲೆಯಾಡಿಸಿದ್ದು ನಡೆಯಲ್ಲ” ಎಂದ. “ಕನ್ನಡಕ ಹಾಕ್ಕೊಳ್ಳಿ.”

ಯಜಮಾನರು ಕಕ್ಕಾಬಿಕ್ಕಿಯಾಗಿ ಹಾಕಿಕೊಂಡರು.

“ಈಗ ಇದರಲ್ಲೇ ನೋಡಿ. ಮುದುಕರಾದ್ರಾ?”

ಅವರು ಗಾಜಿನ ಹತ್ತಿರಕ್ಕೆ ಬಗ್ಗಿದರು, ದೂರ ಸರಿದರು, ಕನ್ನಡಕ ಮೂಗಿನ ಮೇಲೆ ಏರಿಸಿ ಇಳಿಸಿ ನೋಡಿದರು. ಇಲ್ಲ, ಆಗಿರಲಿಲ್ಲ. ಅದೇ ಎಳೆ ಮುಖ, ಮೇಲೆ ಒಂದು ಕನ್ನಡಕ. ಬೆಂಚಿನ ಮೇಲಿದ್ದವರೆಲ್ಲ ಕತ್ತು ಚಾಚಿದರು. ಹಾಗಾದರೆ ಕನ್ನಡಕ ಸರಿಯಾಗಿದೆಯೋ ಎಂದು ಮಾಸ್ತರರು ಮೂಲೆಯಿಂದ ಕೇಳಿದರು. ಕೇಳಿದ ಮೇಲೆ ಅದರ ಹಿಂದೆ ಬರಲಿರುವ ಪ್ರಶ್ನೆ ತಮಗೇ ಹೊಳೆದು ಮುಖ ಸಣ್ಣದು ಮಾಡಿಕೊಂಡರು.

ಕತ್ತರಿಯಣ್ಣ ಬಾಗಿಲ ಹಿಂದೆ ಹೋಗಿ, ಹೊದಿಕೆ ಸರಿಸಿ, ಹೊಸ ಕನ್ನಡಿಯನ್ನು ತಬ್ಬಿ ಎತ್ತಿಕೊಂಡು ಬಂದು ಯಜಮಾನರ ಮುಂದೆ ನಿಲ್ಲಿಸಿದ. ಹೊರಗಿನ ಬಿಸಿಲೆಲ್ಲ ಒಮ್ಮೆಲೇ ಅದರೊಳಕ್ಕೆ ಬಂತು. ಯಜಮಾನರ ಬಲಗಡೆಯ ಕೆನ್ನೆಗೂದಲು ಕಿವಿಯ ಮೇಲಂಚಿನಲ್ಲೇ ಮುಗಿದಿತ್ತು, ಎಡಗಡೆಯದು ದವಡೆಯ ತನಕ ಇಳಿದಿತ್ತು. ಮೀಸೆಗೆ ಹಚ್ಚಿದ ಬಣ್ಣ ಒಂದು ಕಡೆ ಮೀಸೆಗೆ, ಇನ್ನೊಂದು ಕಡೆ ಹೆಚ್ಚು ಪಾಲು ಕೆನ್ನೆಗೆ ಹತ್ತಿತ್ತು. ಅವರ ಹಿಂದೆ ಬೆಂಚಿನವರೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಇಣುಕಿ, ತಮ್ಮ ತಮ್ಮ ಮುಖ ಕಂಡು, ಮದುವೆ ಮನೆಯಲ್ಲಿ ಅಪರಿಚಿತರನ್ನು ಎದುರುಗೊಂಡ ಹಾಗೆ ನಿಂತರು. ಸಂಗೀತದ ಮೇಷ್ಟ್ರು ಮಾತ್ರ ಕೈಯಲ್ಲಿದ್ದ ಬಾಚಣಿಗೆಯನ್ನು ಯಾರಿಗೂ ಕಾಣದಂತೆ ಗುಂಡಿಗಳ ಮೇಲೆ ಇಟ್ಟುಬಿಟ್ಟರು.

“ಅಳತೆ ತಪ್ಪಿದ್ದು ಅವಳಲ್ಲ, ನಾನು” ಎಂದ ಕತ್ತರಿಯಣ್ಣ. “ಗಾಜು ನಿಮ್ಮನ್ನ ಚೆನ್ನಾಗಿ ತೋರಿಸ್ತು, ನೀವು ನನ್ನನ್ನ ಹೊಗಳಿದ್ರಿ, ನಾನು ಬಾಯಿ ಮುಚ್ಕೊಂಡಿದ್ದೆ. ಈ ಕನ್ನಡಿ ಬಂದು ಎಷ್ಟೋ ದಿನ ಆಯ್ತು. ನಾನೇ ಗೋಡೆ ಕಡೆ ತಿರುಗಿಸಿ ಇಟ್ಟಿದ್ದೆ.”

ಯಜಮಾನರು ಕನ್ನಡಿಯಲ್ಲಿ ಎಡಗಡೆ ನೋಡಿದರು, ಬಲಗಡೆ ನೋಡಿದರು. ತಲೆಯಾಡಿಸಲಿಲ್ಲ. ಕುರ್ಚಿಯಿಂದ ಎದ್ದು, ಬಟ್ಟೆ ಬಿಚ್ಚು, ಈಗಲೇ ಆ ತಾಯಿಗೆ ಒಂದು ಮಾತು ಹೇಳಿ ಬರಬೇಕು ಎಂದರು. ನೀವಿನ್ನೂ ಒಪ್ಪಿಲ್ಲ, ಒಪ್ಪದೆ ಬಟ್ಟೆ ಬಿಚ್ಚುವಂತಿಲ್ಲ ಎಂದ ಕತ್ತರಿಯಣ್ಣ. ಇಷ್ಟು ದಿನ ಗಾಳಿಗೆ ತೂರಿದ ನೇಮ ಆ ಗಳಿಗೆಯಲ್ಲೇ ಅವನಿಗೆ ನೆನಪಾಗಬೇಕೆ? ಹಾಗೆ ಯಜಮಾನರು ಬಿಳಿ ಬಟ್ಟೆಯ ಸಮೇತ, ಸನ್ಯಾಸಿಯೊಬ್ಬರು ಅವಸರದಲ್ಲಿ ಹೊರಟ ಹಾಗೆ, ರಸ್ತೆ ದಾಟಿದರು. ಹಿಂದೆ ಬಾಚಣಿಗೆ, ಕತ್ತರಿ ಹಿಡಿದ ಕತ್ತರಿಯಣ್ಣ. ಅವನ ಹಿಂದೆ ದೂರು ಕೊಟ್ಟಿದ್ದ ಮೂವರೂ. ಅವರ ಹಿಂದೆ, ದೂರೂ ಕೊಡದೆ ಏನೂ ಕೊಡದೆ, ಏನಾಗುತ್ತದೆ ನೋಡೋಣ ಎಂದು ಉಳಿದ ಬೆಂಚು. ಸೈಕಲ್ಲಿನವನೊಬ್ಬ ಇಳಿದು ದಾರಿ ಬಿಟ್ಟು ನಿಂತ.

ಅವಳು ತಲೆಯೆತ್ತಿ ನೋಡಿದಳು. ಯಜಮಾನರು ಹೇಳಬೇಕಾದ್ದನ್ನು ತಡವರಿಸುತ್ತ ಹೇಳಿದರು. ತಾವು ತಪ್ಪು ತಿಳಿದೆವೆಂದು, ನಾಳೆಯೂ ಬರಬೇಕೆಂದು, ನಾಡಿದ್ದೂ ಬರಬೇಕೆಂದು. ಮಾಸ್ತರರು ತಮ್ಮ ಕನ್ನಡಕವನ್ನು ಇನ್ನು ಮುಂದೆ ಬಿಚ್ಚುವುದೇ ಇಲ್ಲವೆಂದರು. ಅವಳು ಎಲ್ಲ ಕೇಳಿಸಿಕೊಂಡು ಯಜಮಾನರ ಮುಖವನ್ನೇ ನೋಡುತ್ತಿದ್ದಳು.

“ಎಡಗಡೆ ಕೆನ್ನೆಗೂದಲು ಕೆಳಗಿದೆ ಸಾರ್. ಅದಕ್ಕೆ ಅಕ್ಷರದ ಹಲಗೆ ಬೇಕಾಗಿಲ್ಲ.”

ಆಮೇಲೆ ಗಂಡನ ಕಡೆ ತಿರುಗಿದಳು. ಅಂಗಡಿ ತುಂಬ ಇದ್ದ ಜನ ತಮಗೇ ಬೈಗುಳ ಕಾದಿದೆಯೇನೋ ಎಂಬಂತೆ ಎರಡು ಹೆಜ್ಜೆ ಹಿಂದೆ ಸರಿದರು.

“ಅವತ್ತು ಊಟಕ್ಕೆ ಕೂತಾಗ ಬಂದಿದ್ದು ಬಿಕ್ಕಳಿಕೆ ಅಲ್ಲ.”

“ಅಲ್ಲ.”

“ನನ್ನ ಕಣ್ಣು ಹೋಯ್ತೇನೋ ಅಂತ ಹೆದರಿಕೊಂಡಿದ್ದೆ ನಾನು.”

ಅವನು ತಲೆ ತಗ್ಗಿಸಿದ. ಅವಳು ಮೇಜಿನ ಮೇಲಿನ ಪುಟ್ಟ ಕನ್ನಡಿಯನ್ನು ಯಜಮಾನರ ಕಡೆಗೆ ತಿರುಗಿಸಿ, ಕುರ್ಚಿ ಎಳೆದು ಕೊಟ್ಟು, ಮೊದಲು ಇವರ ಕೆಲಸ ಮುಗಿಸಿ, ಸಂಜೆ ಮನೆಯಲ್ಲಿ ಮಾತಾಡೋಣ ಎಂದಳು. ಗಂಡಸಾದವನಿಗೆ ಇದಕ್ಕಿಂತ ದಿಗಿಲು ಹುಟ್ಟಿಸುವ ಮಾತು ಯಾವ ಭಾಷೆಯಲ್ಲೂ ಇದ್ದಂತಿಲ್ಲ. ಕತ್ತರಿಯಣ್ಣ ಕನ್ನಡಕದಂಗಡಿಯ ನಡುವೆಯೇ, ಹೆಂಡತಿಯ ಕಣ್ಣೆದುರಿಗೇ, ಒಂದೊಂದು ಕೂದಲನ್ನೂ ತೂಗಿ ತೂಗಿ ಕತ್ತರಿಸಿದ. ಯಜಮಾನರು ಎರಡು ಸಲ ಬೇಡವೆಂದರು, ಮೂರನೆಯ ಸಲ ತಲೆಯಾಡಿಸಿದರು. ಅವನು ಬಟ್ಟೆ ಬಿಚ್ಚಿದ. ಅಷ್ಟು ಕಷ್ಟದಿಂದ ದಕ್ಕಿದ ಒಪ್ಪಿಗೆ ಅವನಿಗೆ ಎಷ್ಟೋ ದಿನಗಳಿಂದ ಸಿಕ್ಕಿರಲಿಲ್ಲ. ಅದರ ಮುಂದೆ ಸಂಜೆಯ ಮಾತುಕತೆಯ ಭಯವೂ ಒಂದು ಚಿಟಿಕೆ ಕಡಿಮೆಯಾಯಿತು.

ಸಂಜೆಯ ಮಾತುಕತೆ ಏನಾಯಿತೆಂಬುದು ಅವರಿಬ್ಬರಿಗೆ ಮಾತ್ರ ಗೊತ್ತು. ಮರುದಿನ ಅಂಗಡಿ ತೆರೆದವನ ಕಣ್ಣು ತುಸು ಕೆಂಪಗಿತ್ತು, ಕೈಯಲ್ಲಿ ಸುತ್ತಿಗೆ ಇತ್ತು. ಲ್ಯಾಪ್‌ಟಾಪನ್ನು ಚೌಕಟ್ಟಿನ ಸಮೇತ ಕೆಳಗಿಳಿಸಿ, ಕನ್ನಡಿಯನ್ನು ಹಳೆಯ ಮೊಳೆಗಳಿಗೇ ತೂಗುಹಾಕಿದ. ಅವು ಮೊದಲಿನಷ್ಟೇ ಭದ್ರವಾಗಿದ್ದವು. ಒರೆಸಿ, ಎದುರು ನಿಂತು ಕೈಮುಗಿದ. ಬೇಡುತ್ತಿರುವವನು ಸ್ಪಷ್ಟವಾಗಿ ಕಂಡ. ಕಿವಿಯ ಮೇಲೆ ಬಿಳಿಕೂದಲು, ಮೂಗಿನ ಪಕ್ಕ ಹಳೆಯ ಗಾಯದ ಗುರುತು. ದೇವರು ಕೊಟ್ಟದ್ದು, ಕೊಟ್ಟ ಹಾಗೇ ಇತ್ತು. ಅವತ್ತು ಪ್ರಾರ್ಥನೆಗೆ ತನ್ನದೊಂದು ಮಾತು ಸೇರಿಸಿದ, ನಾಲಿಗೆಯೂ ನಡುಗದಿರಲಿ ಎಂದು.

ಬೆಂಚು ಖಾಲಿ ಇತ್ತು. ಬರಬೇಕಾದಷ್ಟು ಕೂದಲು ಬೆಳೆದ ಮೇಲೆ ಜನ ಬರುತ್ತಾರೆ, ಮೊದಲು ಹಾಗೇ ಬರುತ್ತಿದ್ದರು ಎಂದುಕೊಂಡು ಅವನು ಲ್ಯಾಪ್‌ಟಾಪನ್ನು ಚೌಕಟ್ಟಿನಿಂದ ಬಿಡಿಸಿ ಮಡಿಲ ಮೇಲಿಟ್ಟುಕೊಂಡು ಕೂತ. ಸೋಪಿನ ಮೆತ್ತನೆಯ ಬ್ರಷ್ಷಿನಿಂದ ಒಂದೊಂದೇ ಗುಂಡಿಯ ಸಂದಿ ಗುಡಿಸಿದ. ಬೀದಿಯವರ ಕೂದಲೆಲ್ಲ ಅಲ್ಲಿತ್ತು. ಕಪ್ಪು, ಬಿಳಿ, ಅರ್ಧ ಬಣ್ಣ ಹತ್ತಿದ್ದು, ಯಾರದೆಂದು ಹೇಳಲಾರದ್ದು. ಗುಡಿಸಿ, ಒರೆಸಿ, ಮನಸ್ಸಿನಲ್ಲೇ ದೇವರನ್ನು ನೆನೆದು, ಮೂಲೆಯ ಗುಂಡಿ ಒತ್ತಿದ. ಕೊಂಚ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಪ್ಪು ಗಾಜಿನೊಳಗಿಂದ ಬೆಳಕು ಬಂತು, ಬಣ್ಣ ಬಣ್ಣದ್ದು. ಅದಕ್ಕೆ ಅದರದೇ ಒಂದು ಮುಖವಿದೆಯೆಂದು ಅವನಿಗೆ ಆಗಲೇ ತಿಳಿದದ್ದು.

ಗಟ್ಟಿರಾಯ ಬಾಗಿಲಲ್ಲಿ ನಿಂತಿದ್ದ. ಅಕ್ಕ ಹೇಳಿ ಕಳಿಸಿದ್ದಳೋ, ತಾನೇ ಬಂದನೋ. ಹಿಂಜರಿಯುತ್ತಲೇ ಒಳಗೆ ಬಂದು, ಹೊಸ ಕನ್ನಡಿಯಿಂದ ಆದಷ್ಟು ದೂರಕ್ಕೆ, ಎದುರು ಗೋಡೆಗೆ ಬೆನ್ನು ಹಚ್ಚಿ ನಿಂತು, ಕೆಟ್ಟಿದೆಯೇ ಎಂದು ಕಣ್ಣಲ್ಲೇ ಕೇಳಿದ.

“ಏನೂ ಆಗಿಲ್ಲ” ಎಂದ ಕತ್ತರಿಯಣ್ಣ. “ಗಟ್ಟಿ.”

ಕತ್ತರಿಯಣ್ಣ ಲ್ಯಾಪ್‌ಟಾಪು ಮುಚ್ಚಿ, ಗಿರಾಕಿಗಳ ಕೊರಳಿಗೆ ಕಟ್ಟುವ ಬಟ್ಟೆಗಳಲ್ಲಿ ಒಗೆದಿಟ್ಟದ್ದೊಂದನ್ನು ತೆಗೆದು ಅದಕ್ಕೆ ಸುತ್ತಿ, ತುದಿಗೆ ಸಡಿಲವಾಗಿ ಗಂಟು ಹಾಕಿ, ಎರಡೂ ಕೈಯಲ್ಲಿ ಹಿಡಿದು ಭಾವಮೈದುನನ ಕೈಗಿತ್ತ.